ಇಬ್ರು ಸೇರಿ ಕಾಮಿಕ್ ಮಾಡುವಾಗ: ಸ್ಕ್ರಿಪ್ಟ್ ಮೊದ್ಲಾ, ರಫ್ ಮೊದ್ಲಾ?

ಮೊದ್ಲೇ ಹೇಳಿಬಿಡ್ತೇನೆ, ನನ್ನ ಓಟು ರಫ್‌ಗೆ. ಅಂದ್ರೆ ಇಬ್ರೂ ಒಂದೇ ಟೇಬಲ್ಲಲ್ಲಿ ಕೂತು, ಪೆನ್ಸಿಲಲ್ಲಿ ಕಡ್ಡಿ ಮನುಷ್ಯರನ್ನು ಗೀಚಿ, ಮಾತನ್ನೂ ಅಲ್ಲೇ ಕೈಯಲ್ಲಿ ಬರೆದು, ಇಬ್ರಿಗೂ ನಗು ಬಂದ್ಮೇಲೆ ಮಾತ್ರ ಚಂದದ ಚಿತ್ರಕ್ಕೆ ಕೈ ಹಾಕುವುದು. ಬರೆಯುವುದು ನಾನು, ಚಿತ್ರ ಗೆಳತಿಯದ್ದು, ಅವಳು ಮಣಿಪಾಲ, ನಾನು ಮಂಗಳೂರು, ನಮ್ಮ ಕಾಮಿಕ್ ಉಡುಪಿ-ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಿನ ಒಬ್ಬ ಕಂಡಕ್ಟರನದ್ದು. ಪೂರ್ತಿ ಸ್ಕ್ರಿಪ್ಟ್, ಬರೀ ಕಥೆಯ ಎಳೆ, ರಫ್, ಮೂರು ರೀತಿಯಲ್ಲೂ ಮಾಡಿ ನೋಡಿ ಆಯ್ತು.

ಪೂರ್ತಿ ಸ್ಕ್ರಿಪ್ಟ್ ಬರೆದು ವಾಟ್ಸಾಪ್ ಮಾಡುವುದು ಸುಲಭ, ಎಲ್ಲಿ ಕೂತೂ ಆಗ್ತದೆ. ದೊಡ್ಡವರೂ ಹೀಗೆ ಮಾಡಿದ್ದಾರೆ, ಫ್ರೆಂಚ್ ಕಾಮಿಕ್ ಆಸ್ಟೆರಿಕ್ಸಿಗೆ ಬರಹಗಾರ ಗೊಸಿನಿ ಪೂರ್ತಿ ಸ್ಕ್ರಿಪ್ಟ್ ಬರೆದು ಚಿತ್ರಕಾರ ಉಡೆರ್ಜೊಗೆ ಕೊಡ್ತಿದ್ರು, 1959ರಿಂದ 1977ರಲ್ಲಿ ಗೊಸಿನಿ ತೀರಿಕೊಳ್ಳುವವರೆಗೂ ಆ ಜೋಡಿ ನಡೀತು. ಆದ್ರೆ ಗೊಸಿನಿ ಸ್ವತಃ ಚಿತ್ರ ಬಿಡಿಸ್ತಾ ಬಂದವರು, ಒಂದು ಪ್ಯಾನೆಲಲ್ಲಿ, ಅಂದ್ರೆ ಕಾಮಿಕ್ಕಿನ ಒಂದು ಚೌಕದಲ್ಲಿ, ಎಷ್ಟು ಹಿಡೀತದೆ ಅಂತ ಅವರಿಗೆ ಗೊತ್ತಿತ್ತು. ಬರೀ ಮಾತು ಬರೆಯುವವರ ಸ್ಕ್ರಿಪ್ಟಲ್ಲಿ ಜೋಕು ಮಾತಲ್ಲೇ ಮುಗಿದಿರ್ತದೆ, ಚಿತ್ರಕ್ಕೆ ಕೆಲಸವೇ ಇಲ್ಲ. "ಒಳಗೆ ಹೋಗಿ, ಒಳಗೆ ಖಾಲಿ ಉಂಟು" ಅಂತ ಕಂಡಕ್ಟರ್ ಬೊಬ್ಬೆ ಹೊಡೆಯುವ ಎಪಿಸೋಡಿಗೆ ನಾನು ಕೊನೆಗೊಂದು ಉತ್ತರ ಬರೆದಿದ್ದೆ. ರಫ್ ಮಾಡ್ತಾ ಅವಳು ಕಂಡಕ್ಟರನ ಕಾಲಿನ ಹೆಬ್ಬೆರಳು ಮಾತ್ರ ಫುಟ್‌ಬೋರ್ಡಲ್ಲಿ, ಉಳಿದ ದೇಹ ಎಲ್ಲ ಹೊರಗೆ ಗಾಳಿಯಲ್ಲಿ ಇರುವ ಹಾಗೆ ಗೀಚಿದ್ಲು, ಉತ್ತರವನ್ನು ಅಲ್ಲೇ ಹೊಡೆದು ಹಾಕಿದ್ವಿ. ಮಾತಿಲ್ಲದ ಆ ಪ್ಯಾನೆಲೇ ಜೋಕು.

ಇನ್ನೊಂದು, ಅಮೆರಿಕದ ಮಾರ್ವೆಲ್ ಕಾಮಿಕ್ಸಲ್ಲಿ 1960ರ ದಶಕದಲ್ಲಿ ಬರಹಗಾರ ಸ್ಟಾನ್ ಲೀ, ಚಿತ್ರಕಾರ ಜ್ಯಾಕ್ ಕಿರ್ಬಿ ಕಾಲದಲ್ಲಿ ಹೆಸರಾದ ಮಾರ್ವೆಲ್ ಮೆಥಡ್, ಕಥೆಯ ಎಳೆ ಮಾತ್ರ ಕೊಟ್ಟು ಚಿತ್ರ ಆದ್ಮೇಲೆ ಮಾತು ತುಂಬಿಸುವುದು. ಹೊಡೆದಾಟಕ್ಕೆ ಸರಿ. ನಾಲ್ಕು ಪ್ಯಾನೆಲಿನ ಜೋಕಿಗೆ ಪಂಚ್ ಎಲ್ಲಿ ಬೀಳ್ತದೆ ಅಂತ ಮೊದ್ಲೇ ಗೊತ್ತಿರ್ಬೇಕು.

ಈಗ ನಿಜವಾದ ತಲೆನೋವು, ಬಲೂನಿನೊಳಗೆ, ಅಂದ್ರೆ ಪಾತ್ರದ ಮಾತು ಬರೆಯುವ ಗುಳ್ಳೆಯೊಳಗೆ, ಕನ್ನಡ ತುಂಬಿಸುವುದು. ದುಡ್ಡು ಕೊಟ್ಟು ತಗೊಂಡ ಡ್ರಾಯಿಂಗ್ ಆ್ಯಪಲ್ಲಿ ಬ್ರಶ್ ಎಲ್ಲ ಫಸ್ಟ್‌ಕ್ಲಾಸ್, ಆದ್ರೆ ಕನ್ನಡ ಟೈಪ್ ಮಾಡಿದ್ರೆ ಒತ್ತಕ್ಷರ ಒಡೀತದೆ, ಬಸ್ಸು ಹೋಗಿ ಬಸ್‌ಸು, ಕಂಡಕ್ಟರ್ ಹೋಗಿ ಕಂಡಕ್‌ಟರ್. ಫಾಂಟ್ ಬದಲಿಸಿದ್ರೂ ಅಷ್ಟೇ, ಯಾಕಂದ್ರೆ ಯುನಿಕೋಡಲ್ಲಿ (ಕಂಪ್ಯೂಟರಿಗೆ ಅಕ್ಷರಗಳ ಕೋಡ್ ಪಟ್ಟಿ) ಒತ್ತಿಗೆ ಅಂತ ಬೇರೆ ಕೋಡೇ ಇಲ್ಲ, ಅಕ್ಷರ, ಹಲಂತ (ಸ್ವರ ತೆಗೆಯುವ ಗುರುತು), ಮತ್ತೆ ಅಕ್ಷರ ಅಂತ ಇರ್ತದೆ, ಅದನ್ನು ಜೋಡಿಸಿ ಒತ್ತು ಮಾಡಿ ತೋರಿಸ್ಬೇಕಾದ್ದು ಸಾಫ್ಟ್‌ವೇರ್. ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ನುಡಿಯ ಹಳೇ, ಯುನಿಕೋಡ್ ಅಲ್ಲದ ಆಸ್ಕಿ ಫಾಂಟಲ್ಲಿ ಒತ್ತಿಗೂ ಬೇರೆ ಕೋಡ್ ಉಂಟು, ಹಾಗಾಗಿ ಸರಿ ಕಾಣ್ತದೆ, ಆದ್ರೆ ಅದೇ ಮಾತನ್ನು ಕಾಪಿ ಮಾಡಿ ಕ್ಯಾಪ್ಶನ್ನಿಗೆ ಹಾಕಿದ್ರೆ ಎಂತದ್ದೋ ಗಜಿಬಿಜಿ, ಒಂದು ಪದ ತಿದ್ದಲಿಕ್ಕೂ ಕನ್ವರ್ಟರಿಗೆ ಹೋಗ್ಬೇಕು.

ಈಗ ನಾವು ಬಳಸುವುದು ಇಂಕ್‌ಸ್ಕೇಪ್, ಕಂಪ್ಯೂಟರಲ್ಲಿ ಚಿತ್ರ ಬಿಡಿಸುವ ಸಾಫ್ಟ್‌ವೇರ್. ಫ್ರೀ, ಒತ್ತು ಸರಿಯಾಗಿ ಬರ್ತದೆ. "ಬಾಲೂ ತಮ್ಮ" (Baloo Tamma) ಅನ್ನುವ ಕನ್ನಡ ಫಾಂಟಲ್ಲಿ ಟೈಪ್ ಮಾಡಿ, ಹಿನ್ನೆಲೆ ಇಲ್ಲದ ಪಿಎನ್‌ಜಿ ಇಮೇಜ್ ಮಾಡಿ, ಚಿತ್ರದ ಮೇಲೆ ಕೂರಿಸುವುದು. ಆ ಫಾಂಟ್ ಓಪನ್ ಫಾಂಟ್ ಲೈಸೆನ್ಸಲ್ಲಿ ಉಂಟು, ನಾಳೆ ಪುಸ್ತಕ ಮಾಡಿ ಮಾರಿದ್ರೂ ಯಾರಿಗೂ ದುಡ್ಡು ಕೊಡ್ಲಿಕ್ಕಿಲ್ಲ.

ಒತ್ತು ಸರಿಯಾದ್ರೂ ಜಾಗದ ಸಮಸ್ಯೆ ಹೋಗುವುದಿಲ್ಲ ಮಾರಾಯ್ರೆ. ಒತ್ತು ಕೆಳಗೆ ಇಳೀತದೆ, ಮೇಲೆ ಗುಣಿತ, ಸಾಲಿಗೂ ಸಾಲಿಗೂ ನಡುವೆ ಇಂಗ್ಲಿಷಿಗಿಂತ ಜಾಸ್ತಿ ಅಂತರ ಬೇಕು. ಪದಗಳೂ ಉದ್ದ, "ಇಳಿಯುವವರಿದ್ದಾರಾ" ಅನ್ನುವ ಒಂದೇ ಪದ ಬಲೂನಿನ ಅಗಲ ಪೂರ್ತಿ ತಿಂತದೆ, ನಡುವೆ ಮುರಿದ್ರೆ ಓದುವವರು ಅಲ್ಲೇ ತಡೀತಾರೆ, ನಗುವ ಹೊತ್ತಲ್ಲಿ ಹಾಗೆ ತಡೆದ್ರೆ ಜೋಕು ಹೋಯ್ತು. ಸ್ಕ್ರಿಪ್ಟ್ ಮೊದ್ಲು ಮಾಡಿದಾಗ ಇದೆಲ್ಲ ಗೊತ್ತಾಗುವುದು ಬಣ್ಣ ತುಂಬಿದ ಮೇಲೆ, ಅವಳು ಹಿಂದಿನ ಸೀಟಿನವರ ಒಂದೊಂದು ಮುಖಕ್ಕೂ ಬೇರೆ ಬೇರೆ ಸಿಟ್ಟು ಕೊಟ್ಟು ಬಿಡಿಸಿರ್ತಾಳೆ, ಅದರ ಮೇಲೆ ನನ್ನ ಬಲೂನು ಹೋಗಿ ಕೂರ್ತದೆ, ನನಗೇ ಹೊಟ್ಟೆ ಉರೀತದೆ. ರಫ್ಫಲ್ಲಿ ಕೈಬರಹ ಚೌಕದೊಳಗೆ ಹಿಡಿಯದಿದ್ರೆ ಅಲ್ಲೇ ಮಾತು ಕತ್ತರಿಸ್ತೇವೆ, ಇಲ್ಲ ಪ್ಯಾನೆಲ್ ಅಗಲ ಮಾಡ್ತೇವೆ. ನಮ್ಮ ಬಲೂನಲ್ಲಿ ಮಾತು ಕಮ್ಮಿಯಾದದ್ದು, ಅದ್ರಿಂದ ಕಾಮಿಕ್ ಚುರುಕಾದದ್ದು ಹೀಗೆ.

ಇನ್‌ಸ್ಟಾಗ್ರಾಮಿಗೆ 1080 × 1350 ಪಿಕ್ಸೆಲ್, ಒಂದು ಸ್ಲೈಡಿಗೆ ಒಂದು ಪ್ಯಾನೆಲ್, ಪಂಚ್ ಯಾವಾಗ್ಲೂ ಸ್ವೈಪಿನ ಆಚೆ. ಇದು ಮೂರೂ ರೀತಿಗೆ ಒಂದೇ.

ರಫ್ಫಿಗೆ ಖರ್ಚು ಬಸ್ ಚಾರ್ಜು ಮತ್ತೆ ಅರ್ಧ ಆದಿತ್ಯವಾರ. ನಂಗೆ ಬಣ್ಣ ತುಂಬಿದ್ದನ್ನು ತಿರುಗಿ ಮಾಡುವುದಕ್ಕಿಂತ ಅದೇ ಸಸ್ತಾ, ನಂಗೆ ಎದುರು ಕೂತು ಮಾತಾಡ್ತಾ ಬರೆಯುವ ಅಭ್ಯಾಸವೂ ಉಂಟು. ಜೊತೆಗಾರರು ದೂರದ ಊರಲ್ಲಿದ್ರೆ ಫೋನನ್ನು ಪೇಪರಿನ ಮೇಲೆ ಸ್ಟ್ಯಾಂಡಿಗೆ ಕಟ್ಟಿ ವೀಡಿಯೊ ಕಾಲ್ ಮಾಡಿ, ಬಹುಪಾಲು ಅದೇ ಕೆಲಸ ಆಗ್ತದೆ. ಚಿತ್ರಕಾರರಿಗೆ ಪೇಜಿಗಿಷ್ಟು ಅಂತ ಕೊಟ್ಟು ಮಾಡಿಸುವವರಾದ್ರೆ ಸ್ಕ್ರಿಪ್ಟೇ ಸರಿ, ಅವರನ್ನು ಆದಿತ್ಯವಾರ ಕೂರಿಸ್ಲಿಕ್ಕೆ ಆಗುವುದಿಲ್ಲ. ಆದ್ರೆ ಪ್ರತಿ ಡೈಲಾಗನ್ನೂ ಪ್ಯಾನೆಲ್ ಸೈಜಿನ ಚೌಕದಲ್ಲಿ ನಿಮ್ಮ ಕೈಯಲ್ಲೇ ಒಮ್ಮೆ ಬರೆದು ನೋಡಿ ಆಮೇಲೆ ಕಳ್ಸಿ.