ಭೋಗ್ಯಕ್ಕೆ ಮನೆ ಹಿಡಿಯೋ ಮುಂಚೆ ಓನರ್ ಮುಖ ನೋಡಿ

ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತಿದ್ದೇನೆ. ಉತ್ತರಹಳ್ಳಿ ಕಡೆ ಎರಡು ಬೆಡ್‌ರೂಮ್ ಮನೆಗೆ 12 ಲಕ್ಷ ಭೋಗ್ಯ ಕೊಟ್ಟೆವು, ಅಂದ್ರೆ ತಿಂಗಳ ಬಾಡಿಗೆ ಬದಲು ಒಟ್ಟಿಗೇ ಕೊಡೋ ದುಡ್ಡು. ಈಗ ದುಡ್ಡೂ ಇಲ್ಲ, ಮನೆಯೂ ಉಳಿಯುವ ಹಾಗಿಲ್ಲ.

ಮೊದಲು ವಿಜಯನಗರದಲ್ಲಿ ಬಾಡಿಗೆಗಿದ್ದೆವು. 2022ರಲ್ಲಿ ಆಫೀಸುಗಳು ಜನರನ್ನು ವಾಪಸ್ ಕರೆದ ಮೇಲೆ ಬೆಂಗಳೂರಲ್ಲಿ ಬಾಡಿಗೆ ಏನಾಯಿತು ಅಂತ ನಿಮಗೇ ಗೊತ್ತು. ನಮ್ಮ 14 ಸಾವಿರದ ಮನೆ 21ಕ್ಕೆ ಹೋಯಿತು. ಹನ್ನೊಂದು ತಿಂಗಳು ಮುಗಿಯೋದೇ ತಡ, ಜಾಸ್ತಿ ಕೊಡಿ ಇಲ್ಲ ಖಾಲಿ ಮಾಡಿ. ಭೋಗ್ಯ ಅಂದ್ರೆ ಮೂರು ವರ್ಷ ತಲೆನೋವಿಲ್ಲ, ಕೊಟ್ಟಿದ್ದು ಪೂರ್ತಿ ವಾಪಸ್, ಅಲ್ವಾ? ಹೆಂಡತಿಯ ಒಡವೆ ಮಾರಿದೆವು. ಊರಲ್ಲಿ ಅಪ್ಪ ಅಡಿಕೆ ಮಾರಿದ ದುಡ್ಡೂ ಸೇರಿತು.

ಮನೆ ತೋರಿಸಿದ್ದು ಒಂದು ಕಂಪನಿ. ಹೆಸರು ಹಾಕಬೇಡಿ ಅಂತ ವಕೀಲರು ಹೇಳಿದ್ದಾರೆ. ಎಸಿ ಆಫೀಸು, ಎಲ್ಲರ ಕೊರಳಲ್ಲೂ ಟ್ಯಾಗ್, ನಮಗೆ ಬಾದಾಮಿ ಹಾಲು. "ಓನರ್ ಅಮೆರಿಕದಲ್ಲಿದ್ದಾರೆ ಸರ್, ಎಲ್ಲಾ ನಾವೇ ನೋಡ್ಕೊಳ್ಳೋದು." ಅಗ್ರಿಮೆಂಟಿಗೆ ಸಹಿ ಹಾಕಿದ್ದೂ ಕಂಪನಿಯವರೇ, "ಮಾಲೀಕರ ಪರವಾಗಿ" ಅಂತ. ರಿಜಿಸ್ಟರ್ ಮಾಡಿಸೋಣ ಅಂದೆ. "ಸುಮ್ನೆ ಖರ್ಚು ಸರ್, ನೋಟರಿ ಸಾಕು." ಸರಿ ಅಂದೆ. ಸರಿ ಅಂದುಬಿಟ್ಟೆ!

ಆರನೇ ತಿಂಗಳು. ಭಾನುವಾರ ಬೆಳಿಗ್ಗೆ, ದೋಸೆ ಕಾವಲಿ ಮೇಲಿತ್ತು. ಬಾಗಿಲಲ್ಲಿ ಮಂಕಿ ಕ್ಯಾಪ್ ಹಾಕಿದ ಹಿರಿಯರು.

"ಮೂರು ತಿಂಗಳಿಂದ ಬಾಡಿಗೆ ಬಂದಿಲ್ಲ. ಏನು ಕಥೆ?"

"ಯಾವ ಬಾಡಿಗೆ? ನೀವ್ಯಾರು?"

"ಈ ಮನೆ ಓನರು."

ಅಮೆರಿಕ ಅಲ್ಲ, ಹನುಮಂತನಗರ. ಬಸ್ಸಲ್ಲಿ ಬಂದಿದ್ದರು. ಅವರ ಅಗ್ರಿಮೆಂಟಲ್ಲಿ ಕಂಪನಿ ತಿಂಗಳಿಗೆ 20 ಸಾವಿರ ಬಾಡಿಗೆ ಕೊಡಬೇಕು ಅಂತಿತ್ತು. ಭೋಗ್ಯದ ಮಾತೇ ಇಲ್ಲ. ನನ್ನದರಲ್ಲಿ 12 ಲಕ್ಷ. ಟೀಪಾಯಿ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟೆವು. ಅದೇ ಸೀಲು, ಅದೇ ಸಹಿ. ದೋಸೆ ಸೀದ ವಾಸನೆ ಬಂತು, ಯಾರೂ ಏಳಲಿಲ್ಲ.

ಆಮೇಲೆ ಲೆಕ್ಕ ಹಾಕಿದೆ. ಮೂರು ವರ್ಷದ ಬಾಡಿಗೆ 7 ಲಕ್ಷ 20 ಸಾವಿರ. ಅದನ್ನು ನನ್ನ ದುಡ್ಡಲ್ಲೇ ಕೊಟ್ಟರೆ ಉಳಿಯೋದು 4 ಲಕ್ಷ 80 ಸಾವಿರ. ನನಗೆ 12 ಲಕ್ಷ ಎಲ್ಲಿಂದ ತರ್ತಾರೆ? ಮುಂದೆ ಬರೋ ಇನ್ನೊಬ್ಬನ ಭೋಗ್ಯದಿಂದ. ಕೊತ್ತಂಬರಿ ಕಟ್ಟಿಗೆ ಚೌಕಾಸಿ ಮಾಡೋ ನನಗೆ ಇಷ್ಟು ಹೊಳೆಯಲಿಲ್ಲ.

ಕಂಪನಿಗೆ ಫೋನ್ ಮಾಡಿದರೆ, "ಮೀಟಿಂಗಲ್ಲಿದೀನಿ ಸರ್." ಮರುದಿನ, "ಅಕೌಂಟ್ಸ್‌ಗೆ ಹೇಳಿದೀನಿ, ಸೋಮವಾರ ಪಕ್ಕಾ." ಯಾವ ಸೋಮವಾರವೋ! ಕೊನೆಗೆ ಬಂದ ಮೆಸೇಜ್ ಇದು: "ನೀವು ಹೀಗೆ ಕಿರುಕುಳ ಕೊಟ್ಟರೆ ಲೀಗಲ್ ಆಕ್ಷನ್ ತಗೋತೀವಿ." ನಾನು ಕಿರುಕುಳ ಕೊಟ್ಟೆನಂತೆ. ಆಫೀಸಿಗೆ ಹೋದರೆ ಶಟರ್ ಎಳೆದಿತ್ತು. ಸ್ಟೇಷನ್ನಲ್ಲಿ, "ಇದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ" ಅಂದರು.

ಓನರೂ ಪಾಪ, ಈ ಬಾಡಿಗೆ ನಂಬಿಕೊಂಡಿದ್ದವರು. ಆದರೂ ತಿಂಗಳ ಕೊನೆಗೆ ಖಾಲಿ ಮಾಡಿ ಅಂದಿದ್ದಾರೆ.

ಭೋಗ್ಯ ಹಿಡಿಯೋರು ಓನರನ್ನು ಎದುರು ಕೂರಿಸಿ ಮಾತಾಡಿ. ಬೆಸ್ಕಾಂ ಬಿಲ್ಲು, ಖಾತಾ ಯಾರ ಹೆಸರಲ್ಲಿದೆ ನೋಡಿ. ಇಸಿ, ಅಂದ್ರೆ ಮನೆ ಮೇಲೆ ಸಾಲಗೀಲ ಇದೆಯಾ ಅಂತ ತೋರಿಸೋ ಋಣಭಾರ ಪತ್ರ, ತೆಗೆಸಿ. ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ನೋಂದಣಿ ಆಗದೆ ಒಂದು ರೂಪಾಯಿ ಬಿಚ್ಚಬೇಡಿ. ಬಾದಾಮಿ ಹಾಲು ಕೊಟ್ಟರೆ ಎದ್ದು ಬನ್ನಿ.

ಇದೇ ಥರ ಸಿಕ್ಕಿಹಾಕಿಕೊಂಡವರು ಇದ್ದರೆ ಹೇಳಿ. ಒಬ್ಬನೇ ಹೋದರೆ ಸ್ಟೇಷನ್ನಲ್ಲಿ ಕೂರೋಕೂ ಹೇಳಲ್ಲ. ಹತ್ತು ಜನ ಒಟ್ಟಿಗೆ ಹೋಗೋಣ.