ಸ್ಥಳನಾಮ ಸಂಗ್ರಹ: ನಕ್ಷೆ ಹರಡಿ ಕೂರೋದಾ, ಜೊತೆಗೆ ನಡೆಯೋದಾ?

ಹೊಲ, ಹಳ್ಳ, ಬಂಡೆ, ತಿರುವುಗಳ ಹೆಸರು ಸಂಗ್ರಹಿಸಲು ಹೊರಟವರಿಗೆ ಮೊದಲು ಎದುರಾಗುವ ಪ್ರಶ್ನೆ ಇದೇ.

ಹಿರಿಯರ ಮುಂದೆ ನಕ್ಷೆ ಹರಡಿ ಕೂತರೆ ಕೆಲಸ ಬೇಗ ಆಗುತ್ತದೆ. ನಡೆಯಲು ಆಗದವರೂ ಮಾತಾಡಬಹುದು, ನಾಲ್ಕು ಜನ ಸೇರಿದರೆ ಒಬ್ಬರು ಮರೆತದ್ದನ್ನು ಇನ್ನೊಬ್ಬರು ನೆನಪಿಸುತ್ತಾರೆ. ರೆಕಾರ್ಡಿಂಗ್ ಕೂಡ ಸ್ಪಷ್ಟವಾಗಿರುತ್ತದೆ. ಆದರೆ ನಕ್ಷೆ ಓದುವ ಅಭ್ಯಾಸ ಎಲ್ಲರಿಗೂ ಇರುವುದಿಲ್ಲ, ಅಲ್ವಾ? ಬೆರಳಿಟ್ಟ ಜಾಗ ಒಂದು, ಮನಸ್ಸಿನಲ್ಲಿರುವ ಜಾಗ ಇನ್ನೊಂದು ಆಗಿಬಿಡುತ್ತದೆ.

ನಡೆಯುವುದು ನಿಧಾನ, ಸುಸ್ತೂ ಜಾಸ್ತಿ. ಆದರೂ ನನ್ನ ಮತ ನಡಿಗೆಗೇ. ಕಣ್ಣಿಗೆ ಬಿದ್ದಾಗಲೇ ನೆನಪಾಗುವ ಹೆಸರುಗಳು ಎಷ್ಟೋ ಇರುತ್ತವೆ. ಹೊಲದ ಒಂದು ಮೂಲೆ, ಮುಚ್ಚಿಹೋದ ಬಾವಿ, ಈಗ ಇಲ್ಲದ ಮರ, ಇವುಗಳ ಹೆಸರು ನಕ್ಷೆಯಲ್ಲಿ ಇರುವುದು ಅಪರೂಪ, ಮನೆಯಲ್ಲಿ ಕೂತು ಕೇಳಿದರೆ ಬಾಯಿಗೂ ಬರುವುದಿಲ್ಲ, ಅಲ್ಲಿ ಹೋಗಿ ನಿಂತಾಗ ಮಾತ್ರ ಹೆಸರಿನ ಹಿಂದೆಯೇ ಅದರ ಕತೆಯೂ ಬರುತ್ತದೆ. ತೆರೆದ ಬಯಲಿನಲ್ಲಿ ಮೊಬೈಲಿನ ಜಿಪಿಎಸ್ ಸುಮಾರು 5 ಮೀಟರ್ ಅಂತರದೊಳಗೆ ಜಾಗ ತೋರಿಸುತ್ತದೆ. ದಟ್ಟ ಮರಗಳ ಕೆಳಗೆ ಅದನ್ನು ಅಷ್ಟು ನಂಬಬೇಡಿ, ಫೋಟೊ ತೆಗೆದು ಪಕ್ಕದ ಗುರುತನ್ನೂ ಬರೆದುಕೊಳ್ಳಿ. ಗಾಳಿಯ ಸದ್ದು ರೆಕಾರ್ಡಿಂಗನ್ನು ಕೆಡಿಸುತ್ತದೆ, ಹಾಗಾಗಿ ಹೆಸರನ್ನು ಎರಡು ಸಲ ಹೇಳಿಸಿ.

ಸಮಯ ಕಮ್ಮಿ ಇದ್ದರೆ ಮೊದಲು ಕೂತು ಪಟ್ಟಿ ಮಾಡಿ, ಅನುಮಾನ ಇರುವ ಜಾಗಗಳಿಗೆ ಮಾತ್ರ ನಡೆದು ಹೋಗಿ. ಎರಡರಲ್ಲೂ ಮೊದಲು ಹೆಸರು ಹೇಳುವವರ ಒಪ್ಪಿಗೆ ಕೇಳಿ. ಹೆಸರನ್ನು ಅವರು ಉಚ್ಚರಿಸಿದ ಹಾಗೇ ಬರೆಯಿರಿ, ಸುಮ್ನೆ ತಿದ್ದಬೇಡಿ. ಸರ್ಕಾರಿ ದಾಖಲೆಯ ರೂಪ ಪಕ್ಕದ ಕಾಲಂನಲ್ಲಿರಲಿ. ಒಂದೇ ಜಾಗಕ್ಕೆ ಎರಡು ಹೆಸರು ಬಂದರೆ ಎರಡನ್ನೂ ಇಟ್ಟುಕೊಳ್ಳಿ, ಯಾರು ಯಾವ ದಿನ ಹೇಳಿದರು ಅನ್ನುವುದರ ಜೊತೆಗೆ.