ಒಂದೇ ಒಂದು ‘ಗ’ ಇರುವ ಅಕ್ಷರದ ಡಬ್ಬಿ

ಗಾಂಧಿಬಜಾರಿನ ಆಟಿಕೆ ಅಂಗಡಿಯೊಂದರಲ್ಲಿ ಮೊಮ್ಮಗಳಿಗೆಂದು ಕನ್ನಡ ಅಕ್ಷರಗಳ ಮ್ಯಾಗ್ನೆಟ್ ಡಬ್ಬಿ ಕೊಂಡೆ. ಬೆಲೆ 420 ರೂಪಾಯಿ. ಒಳಗೆ ‘ಅ’ದಿಂದ ‘ಳ’ವರೆಗೆ 49 ಪ್ಲಾಸ್ಟಿಕ್ ಅಕ್ಷರಗಳು. ಫ್ರಿಡ್ಜ್ ಬಾಗಿಲಿಗೆ ಅಂಟಿಸಿ ಆಡಬಹುದು. ಎರಡು ತಿಂಗಳು ಬಳಸಿ ನೋಡಿ ಬರೆಯುತ್ತಿದ್ದೇನೆ.

ಅಕ್ಷರಗಳು ದುಂಡಗೆ, ಮುದ್ದಾಗಿವೆ. ಮಗುವಿನ ಬೆರಳು ಒಂದೊಂದು ತಿರುವಿನ ಮೇಲೂ ಓಡಾಡುತ್ತದೆ. ಮೊಮ್ಮಗಳು ಒಂದನೇ ತರಗತಿ, ಇಂಗ್ಲಿಷ್ ಮೀಡಿಯಂ. ಮೊದಲ ದಿನವೇ ಕೇಳಿದಳು: “ಅಜ್ಜಿ, ಸರಕ್ಕೆ ಸ್ಪೆಲ್ಲಿಂಗ್ ಏನು?” ಶಾಲೆಯಲ್ಲಿ ಸಿ, ಎ, ಟಿ ಎಂದು ಹೇಳಿ ‘ಕ್ಯಾಟ್’ ಎಂದು ಓದಬೇಕು. ಅಲ್ಲಿ ಅಕ್ಷರದ ಹೆಸರೇ ಬೇರೆ, ಸದ್ದೇ ಬೇರೆ. ನಾನು ಸ, ರ ಎರಡನ್ನೂ ಪಕ್ಕಪಕ್ಕ ಇಟ್ಟು “ಬೆರಳಿಟ್ಟು ಹೇಳಮ್ಮ” ಎಂದೆ. “ಸ... ರ... ಸರ! ಅಷ್ಟೇನಾ?” ಎಂದು ಕಣ್ಣರಳಿಸಿದಳು.

ನಾನು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ನಲಿಕಲಿ ಪಾಠ ಮಾಡಿದವಳು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ಪದ್ಧತಿ ಅದು. ಅಲ್ಲಿ ಅ, ಆ, ಇ, ಈ ಎಂದು ಆರಂಭಿಸುವುದಿಲ್ಲ. ಮೊದಲು ರ, ಗ, ಸ, ದ, ಅ. ಈ ಐದರಲ್ಲೇ ಸರ, ದರ, ಅರಸ, ಅಗಸ, ಗರಗಸ ಎಲ್ಲ ಹುಟ್ಟುತ್ತವೆ. ವರ್ಣಮಾಲೆ ಮುಗಿಯಲಿ ಎಂದು ಕಾಯದೆ ಮಗು ಪದ ಓದಲು ಶುರು ಮಾಡುತ್ತದೆ.

ಈ ಡಬ್ಬಿ ಎಡವಿದ್ದು ಇಲ್ಲೇ. ಪ್ರತಿ ಅಕ್ಷರವೂ ಒಂದೊಂದೇ. ಗರಗಸ ಜೋಡಿಸೋಣ ಎಂದರೆ ಎರಡನೇ ‘ಗ’ ಇಲ್ಲ. ಅಮ್ಮ, ಅಪ್ಪ ಎನ್ನಲು ಒತ್ತಕ್ಷರ ಇಲ್ಲ. ಕಾಗುಣಿತವಂತೂ ಇಲ್ಲವೇ ಇಲ್ಲ. ‘ಕ’ ಹೋಗಿ ‘ಕಿ’ ಆಗುವಾಗ ತಲೆಕಟ್ಟೇ ಹೋಗಿಬಿಡುತ್ತದೆ, ಅಲ್ವಾ? ಹಾಗಾಗಿ ಗುಣಿತಾಕ್ಷರಗಳನ್ನೇ ಬೇರೆಯಾಗಿ ಕೊಡಬೇಕಿತ್ತು. ಸಾಲಾಗಿ ಜೋಡಿಸಿ ಬಾಯಿಪಾಠ ಮಾಡಿಸಲು ಮಾತ್ರ ಈ ಡಬ್ಬಿ ಸಾಕು. ಅದೇ ನನಗೆ ಬೇಸರ.

ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ, ಸ್ಕೆಚ್ ಪೆನ್ನಿನಲ್ಲಿ ಇನ್ನೆರಡು ಗ, ಮೂರು ರ, ಒತ್ತಕ್ಷರಗಳು, ಕಿ, ಕೀ, ಸಿ, ಸೀ ಎಲ್ಲ ಬರೆದುಕೊಂಡೆ. ಹಿಂದೆ ಮ್ಯಾಗ್ನೆಟ್ ಪಟ್ಟಿಯ ಚೂರು ಅಂಟಿಸಿದೆ. ಙ, ಞ ಡಬ್ಬಿಯಲ್ಲೇ ಉಳಿದಿವೆ. ಈಗಲೇ ಅವು ಯಾಕೆ?

ಆಮೇಲೆ ನಿಜವಾದ ಕಲಿಕೆ ಶುರುವಾಯಿತು. ಒಂದು ದಿನ ಅವಳೇ ಸ್ಲೇಟಿನ ಮೇಲೆ ‘ಹೂವು’ ಬರೆಯಲು ಹೋದಳು. ‘ಕು’ಗೆ ಹಾಕಿದ ಹಾಗೆಯೇ ‘ವ’ಗೂ ಪಕ್ಕದಲ್ಲಿ ಕೊಂಬು ಹಾಕಿದಳು. ಓದಿದರೆ ‘ಹೂಮ’! ಅವಳು ತಪ್ಪು ಮಾಡಲಿಲ್ಲ, ಕಲಿತದ್ದನ್ನೇ ಬಳಸಿದ್ದಳು. ಪು, ವು ಬರೆಯುವಾಗ ಕೊಂಬು ಯಾಕೆ ಕೆಳಗಿಳಿಯುತ್ತದೆ ಎಂದು ಆಗ ತೋರಿಸಿದೆ. ಮತ್ತೆ ಮರೆಯಲಿಲ್ಲ.

ಒಂದು ಎಚ್ಚರಿಕೆ. ತಿಂಗಳೊಳಗೆ ‘ದ’ದ ಹಿಂದಿನ ಮ್ಯಾಗ್ನೆಟ್ ಕಿತ್ತು ಬಂತು. ಮನೆಯಲ್ಲಿ ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಕೂಸಿದ್ದರೆ ದಯವಿಟ್ಟು ತರಬೇಡಿ. ಮ್ಯಾಗ್ನೆಟ್ ನುಂಗಿದರೆ ಜೀವಕ್ಕೇ ಅಪಾಯ. ಐದಾರು ವರ್ಷದ ಮಕ್ಕಳಿಗೆ, ಜೊತೆಗೆ ಕೂರುವ ದೊಡ್ಡವರಿದ್ದರೆ, ಕೊಳ್ಳಬಹುದು.

ಮೊನ್ನೆ ಅದೇ ಅಂಗಡಿಗೆ ಹೋಗಿ ಒತ್ತಕ್ಷರ, ಗುಣಿತಾಕ್ಷರದ ಪ್ಯಾಕೆಟ್ ಬೇರೆ ಬರುತ್ತದೆಯೇ ಎಂದು ವಿಚಾರಿಸಿದೆ. “ಯಾರೂ ಕೇಳಲ್ಲ ಅಮ್ಮ” ಎಂದರು. ಆ ಕಡೆ ಹೋದಾಗ ನೀವೂ ಕೇಳಿ.